ನೆಗಡಿಗೆ ಈರುಳ್ಳಿ ಗುಳಿಗೆ

ಪ್ರಶ್ನೆ: ಹೋಮಿಯೋಪತಿಯಲ್ಲಿ ನೆಗಡಿಗೆ ಕೊಡುವ ‘ಅಲಿಯಂ ಸೆಪಾ’ ಅಂದರೆ ಈರುಳ್ಳಿಯಂತೆ. ಹೌದೇ?

ಉತ್ತರ: ಹೌದು, ಸಾರಿಗೆ ಹೆಚ್ಚುವ ಅದೇ ಈರುಳ್ಳಿ.

ಈರುಳ್ಳಿ ಹೆಚ್ಚಿದಾಗ ಅದರ ಕೋಶಗಳು ಒಡೆದು ಗಂಧಕವಿರುವ ಒಂದು ಅನಿಲ ಹೊರಬರುತ್ತದೆ. ಅದು ತಾಗಿದರೆ ಕಣ್ಣು ಉರಿದು ನೀರು ಸುರಿಯುತ್ತದೆ, ಮೂಗೂ ಸೋರುತ್ತದೆ. ನೆಗಡಿಯಲ್ಲೂ ಇದೇ ಪಾಡಲ್ಲವೇ? ರೋಗದಂಥ ಲಕ್ಷಣ ತರುವ ವಸ್ತುವೇ ಆ ರೋಗಕ್ಕೆ ಮದ್ದು ಎಂಬ ತತ್ವವನ್ನು ಜರ್ಮನಿಯ ವೈದ್ಯ ಸ್ಯಾಮ್ಯುಯೆಲ್ ಹಾನಿಮನ್ 1796ರಲ್ಲಿ ಮಂಡಿಸಿದರು. ಈರುಳ್ಳಿ ಹೋಮಿಯೋಪತಿ ಮದ್ದುಗಳ ಪಟ್ಟಿ ಸೇರಿದ್ದು ಹೀಗೆ.

ತಕರಾರಿರುವುದು ಪ್ರಮಾಣದಲ್ಲಿ. ಸೀಸೆಯ ಮೇಲಿನ ‘30’ ಎಂದರೆ ರಸವನ್ನು ನೂರರಲ್ಲಿ ಒಂದು ಪಾಲಿನಂತೆ ಮೂವತ್ತು ಸಲ ತೆಳುಗೊಳಿಸಿದ್ದು. ಒಂದರ ಮುಂದೆ 60 ಸೊನ್ನೆ! ಹನ್ನೆರಡನೇ ಸುತ್ತು ದಾಟುವ ಹೊತ್ತಿಗೆ ಈರುಳ್ಳಿಯ ಒಂದು ಅಣುವೂ ಉಳಿದಿರುವ ಸಂಭವ ಕಡಿಮೆ. ಗುಳಿಗೆಯಲ್ಲಿ ನಾಲಿಗೆಗೆ ಸಿಗುವುದು ಸಕ್ಕರೆ ಮಾತ್ರ. ಸಾಮಾನ್ಯ ನೆಗಡಿ ಹೇಗೂ ವಾರ, ಹತ್ತು ದಿನದಲ್ಲಿ ತಾನಾಗಿ ಇಳಿಯುತ್ತದೆ. ಆ ಕೀರ್ತಿ ಗುಳಿಗೆಗೆ ಸಲ್ಲುತ್ತದೆ. ಜ್ವರ ಏರಿದರೆ, ಉಸಿರು ಕಟ್ಟಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಿ.