ಹಿತ್ತಲಿಗೆ ಗ್ಯಾಸ್ ಗ್ರಿಲ್ ತರ್ತೀರಾ? ಹೊಳಪು ನೋಡಬೇಡಿ, ಮಳೆಗಾಲ ನೆನಪಿಟ್ಕೊಳ್ಳಿ

ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆ ಈಗ ಹೋಮ್‌ಸ್ಟೇ ಅಂದ್ರೆ ಸಂಜೆ ಬೆಂಕಿ, ಪಕ್ಕದಲ್ಲಿ ಬಾರ್ಬೆಕ್ಯೂ ಇರಲೇಬೇಕು ಅನ್ನುವಂತಾಗಿದೆ. ಪೇಟೆಯ ಕಬಾಬ್ ಅಂಗಡಿಯವರೂ ಎಣ್ಣೆ ಬಾಣಲೆಯ ಜೊತೆಗೆ ಒಂದು ಗ್ರಿಲ್ ಇಟ್ಟರೆ ಹೇಗೆ ಅಂತ ಲೆಕ್ಕ ಹಾಕುತ್ತಿದ್ದಾರೆ. ಮನೆ ಹಿತ್ತಲಲ್ಲಿ ಭಾನುವಾರ ನಾಲ್ಕು ಜನ ಸೇರಿ ಕೋಳಿ ಸುಡುವವರಂತೂ ಇದ್ದೇ ಇದ್ದಾರೆ. ಆನ್‌ಲೈನ್‌ನಲ್ಲಿ ನೋಡಿದರೆ ಎಲ್ಲ ಗ್ರಿಲ್ಲೂ ಫಳಫಳ ಹೊಳೆಯುತ್ತದೆ. ಆದರೆ ನಮ್ಮ ಮಲೆನಾಡಿನ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಎಷ್ಟೋ ಗ್ರಿಲ್‌ಗಳ ತಳ ತೂತು ಬಿದ್ದು, ಬರ್ನರ್ ಉದುರಿ, ಗುಜರಿ ಸೇರುತ್ತವೆ.

ಗ್ರಿಲ್ ಎಷ್ಟು ವರ್ಷ ಬಾಳುತ್ತದೆ ಅನ್ನೋದು ಮುಚ್ಚಳದ ಹೊಳಪಿನಿಂದಾಗಲೀ, ಬರ್ನರ್ ಎಷ್ಟಿವೆ ಅನ್ನೋದರಿಂದಾಗಲೀ ಗೊತ್ತಾಗಲ್ಲ. ಅದು ಕಣ್ಣಿಗೆ ಕಾಣದ ಒಳಗಿನ ಭಾಗಗಳಲ್ಲಿದೆ. ದುಡ್ಡು ಕೊಡುವ ಮುನ್ನ ಏನೇನು ನೋಡಬೇಕು ಅನ್ನೋದು ಇಲ್ಲಿದೆ.

ಗ್ಯಾಸ್ ಗ್ರಿಲ್ಲೋ, ಸ್ಮೋಕರ್ರೋ?

ಮೊದಲು ನಿಮಗೆ ಬೇಕಾಗಿರೋದು ಯಾವುದು ಅಂತ ತೀರ್ಮಾನ ಮಾಡ್ಕೊಳ್ಳಿ. ಎರಡೂ ಬೇರೆ ಬೇರೆ ಕೆಲಸದ ಸಾಮಾನು.

ಗ್ಯಾಸ್ ಗ್ರಿಲ್ ಅಂದ್ರೆ ಜೋರು ಉರಿ, ಬೇಗ ಕೆಲಸ. ಹತ್ತು–ಹದಿನೈದು ನಿಮಿಷದಲ್ಲಿ ಕಾಯುತ್ತದೆ. ಕೋಳಿ ತುಂಡು, ಮೀನು, ಪನೀರ್, ಜೋಳ ಎಲ್ಲದಕ್ಕೂ ಸರಿ. ಅತಿಥಿಗಳು ಎಂಟು ಗಂಟೆಗೆ ಬಂದು ಎಂಟೂವರೆಗೆ ತಟ್ಟೆ ಕೇಳುವ ಜಾಗಕ್ಕೆ ಇದೇ ಅನುಕೂಲ.

ಸ್ಮೋಕರ್ ಹಾಗಲ್ಲ. ಅದರಲ್ಲಿ ಉರಿ ಮಾಂಸಕ್ಕೆ ನೇರವಾಗಿ ತಾಗೋದಿಲ್ಲ. 110–120 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಸೌದೆ ಹೊಗೆಯ ನಡುವೆ, ಗಂಟೆಗಟ್ಟಲೆ ಬೇಯಬೇಕು. ದೊಡ್ಡ ಹಂದಿ ಮಾಂಸದ ತುಂಡಿಗೆ ಅರ್ಧ ದಿನವೇ ಹಿಡಿಯುತ್ತದೆ. ಹೊಗೆಯ ರುಚಿ ನಮಗೇನೂ ಹೊಸದಲ್ಲ, ಕೊಡಗಿನಲ್ಲಿ ಒಲೆ ಮೇಲೆ ಮಾಂಸ ನೇತುಹಾಕಿ ಹೊಗೆಯಲ್ಲಿ ಒಣಗಿಸೋದು ಹಿಂದಿನಿಂದಲೂ ಇದೆ. ಆದರೆ ಸ್ಮೋಕರ್ ಮುಂದೆ ಕೂತು ಉರಿ ನೋಡಿಕೊಳ್ಳೋಕೆ ಒಬ್ಬರು ಬೇಕು. ಜನ ಇಲ್ಲದಿದ್ದರೆ ಗ್ಯಾಸ್ ಗ್ರಿಲ್ಲೇ ತಗೊಳ್ಳಿ. ಮುಚ್ಚಳ ಇರುವ ಗ್ರಿಲ್ ಆದರೆ ಒಂದು ಚಿಕ್ಕ ಕಬ್ಬಿಣದ ಡಬ್ಬಿಯಲ್ಲಿ ಒಣಗಿದ ಕಾಫಿ ಅಥವಾ ಸೀಬೆ ಕಟ್ಟಿಗೆ ಚೂರು ಹಾಕಿ ಬರ್ನರ್ ಮೇಲಿಟ್ಟರೆ ತಕ್ಕಮಟ್ಟಿಗೆ ಹೊಗೆ ರುಚಿ ಬರುತ್ತದೆ. ಬಣ್ಣ ಬಳಿದ ಮರ, ಪ್ಲೈವುಡ್ ಚೂರು ಮಾತ್ರ ಯಾವತ್ತೂ ಹಾಕಬೇಡಿ, ಅದರ ಹೊಗೆ ವಿಷ.

ಸ್ಟೀಲ್ ಅಂದ್ರೆ ಎಲ್ಲ ಒಂದೇ ಅಲ್ಲ

ಅಂಗಡಿಯವರು 'ಪೂರ್ತಿ ಸ್ಟೀಲ್ ಸಾರ್' ಅಂದ ಕೂಡಲೇ ತಲೆಯಾಡಿಸಬೇಡಿ. ಯಾವ ಸ್ಟೀಲ್ ಅಂತ ಕೇಳಿ. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗೋದು ಮೂರು ಬಗೆ.

304: ಇದರಲ್ಲಿ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುತ್ತದೆ. ತುಕ್ಕು ತಡೆಯೋದರಲ್ಲಿ ಈ ಮೂರರಲ್ಲಿ ಇದೇ ಮೇಲು. ಬೆಲೆಯೂ ಜಾಸ್ತಿ.

202: ದುಬಾರಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿ ಮಾಡಿದ್ದು. ಹೊಸದರಲ್ಲಿ 304ರ ಹಾಗೇ ಹೊಳೆಯುತ್ತದೆ. ಆದರೆ ತೇವ, ಉಪ್ಪು, ಹುಳಿ ತಾಗಿದ ಕಡೆ ಕಂದು ಚುಕ್ಕೆ ಬೇಗ ಏಳುತ್ತದೆ.

430: ನಿಕ್ಕಲ್ ಇಲ್ಲ. ಹೊರಗಿನ ಪ್ಯಾನೆಲ್‌ಗೆ ನಡೆಯುತ್ತದೆ. ಸದಾ ತೇವ ಇರುವ ಜಾಗಕ್ಕೆ 304ರಷ್ಟು ತಾಳಿಕೆ ಇಲ್ಲ.

ಮ್ಯಾಗ್ನೆಟ್ ಹಿಡಿದು ನೋಡಿದರೆ ಸಾಕು ಅನ್ನೋ ನಂಬಿಕೆ ಇದೆ. ಅದು ಅರ್ಧ ಸತ್ಯ. 430ಕ್ಕೆ ಮ್ಯಾಗ್ನೆಟ್ ಗಟ್ಟಿಯಾಗಿ ಅಂಟುತ್ತದೆ ನಿಜ. ಆದರೆ 202ಕ್ಕೂ 304ಕ್ಕೂ ಎರಡಕ್ಕೂ ಅಷ್ಟಾಗಿ ಅಂಟಲ್ಲ. ಹಾಗಾಗಿ 304 ಅಂತ ಹೇಳಿ 202 ಕೊಟ್ಟರೆ ಮ್ಯಾಗ್ನೆಟ್‌ನಿಂದ ಪತ್ತೆಯಾಗಲ್ಲ. ಉಪಾಯ ಒಂದೇ: ಬಿಲ್‌ನಲ್ಲಿ '304 ಗ್ರೇಡ್' ಅಂತ ಬರೆಸಿಕೊಳ್ಳಿ. ಬರೆಯೋಕೆ ಹಿಂದೆಮುಂದೆ ನೋಡಿದರೆ ಉತ್ತರ ಸಿಕ್ಕಿತು ಅಂತ ತಿಳ್ಕೊಳ್ಳಿ. ಕರಾವಳಿಯಲ್ಲಿ ಸಮುದ್ರದ ಪಕ್ಕದಲ್ಲೇ ಇಡುವವರಾದರೆ ಉಪ್ಪು ಗಾಳಿಗೆ 304 ಕೂಡ ಚುಕ್ಕೆ ಬೀಳುತ್ತದೆ. ಅಲ್ಲಿಗೆ ಮಾಲಿಬ್ಡಿನಂ ಸೇರಿದ 316 ಗ್ರೇಡ್ ಉತ್ತಮ.

ಗ್ರೇಡ್ ಜೊತೆಗೆ ದಪ್ಪವೂ ಮುಖ್ಯ. ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಗಡು ದಪ್ಪ. 16 ಗೇಜ್ ಅಂದ್ರೆ ಸುಮಾರು 1.6 ಮಿಲಿಮೀಟರ್, 18 ಗೇಜ್ ಸುಮಾರು 1.2, 22 ಗೇಜ್ ಮುಕ್ಕಾಲು ಮಿಲಿಮೀಟರ್ ಆಸುಪಾಸು. ಬೆಂಕಿ ತಾಗುವ ಪೆಟ್ಟಿಗೆ 18 ಗೇಜ್‌ಗಿಂತ ತೆಳ್ಳಗಿದ್ದರೆ ಬಿಸಿಗೆ ಸೊಟ್ಟಗಾಗುತ್ತದೆ, ಬಿಸಿಯೂ ನಿಲ್ಲಲ್ಲ. ಮುಚ್ಚಳ ಎತ್ತಿ ಹಾಕಿ ನೋಡಿ. ಖಾಲಿ ಬಿಸ್ಕತ್ ಡಬ್ಬಿ ಸದ್ದು ಬಂದರೆ ಮುಂದಿನ ಅಂಗಡಿಗೆ ಹೋಗಿ.

ಮೊದಲು ಹೋಗೋದು ಬರ್ನರ್

ಗ್ರಿಲ್‌ನಲ್ಲಿ ಮೊದಲು ಕೆಡೋದು ಬರ್ನರ್, ಆಮೇಲೆ ಅದರ ಮೇಲೆ ಮುಚ್ಚಿರುವ ತಗಡು, ಆಮೇಲೆ ಜಾಲರಿ. ತೆಳು ತಗಡಿನ ಬರ್ನರ್ ಕೊಬ್ಬು, ಮಸಾಲೆ, ಉಪ್ಪುನೀರು ಬಿದ್ದೂ ಬಿದ್ದೂ ತೂತುಗಳ ಹತ್ತಿರವೇ ಸೀಳುತ್ತದೆ. ದಪ್ಪ 304 ಪೈಪಿನದ್ದು, ಹಿತ್ತಾಳೆಯದ್ದು ಅಥವಾ ಬೀಡಿನದ್ದು ಹೆಚ್ಚು ಕಾಲ ಬಾಳುತ್ತದೆ.

ಜಾಲರಿ ವಿಷಯಕ್ಕೆ ಬಂದರೆ, ಹೊಳೆಯುವ ಕ್ರೋಮ್ ಲೇಪನದ ತೆಳು ತಂತಿ ಬೇಡವೇ ಬೇಡ. ಲೇಪನ ಎದ್ದು ಬಂದರೆ ಅದು ಊಟಕ್ಕೇ ಸೇರುತ್ತದೆ. ಬೀಡಿನ ಜಾಲರಿ ಬಿಸಿ ಚೆನ್ನಾಗಿ ಹಿಡಿದಿಡುತ್ತದೆ. ಮನೆಯ ಬೀಡಿನ ದೋಸೆ ಕಾವಲಿ ಹೇಗೆ ಎಣ್ಣೆ ಸವರಿ ಪಳಗಿಸ್ತೀವೋ ಇದನ್ನೂ ಹಾಗೇ ನೋಡ್ಕೋಬೇಕು. ತೊಳೆದು ಒದ್ದೆಯಾಗಿ ಬಿಟ್ಟರೆ ಬೆಳಿಗ್ಗೆಗೇ ಕೆಂಪಗಾಗಿರುತ್ತದೆ. ಅಷ್ಟು ಮುತುವರ್ಜಿ ಮಾಡೋಕೆ ಆಗಲ್ಲ ಅನ್ನುವವರು 8 ಮಿಲಿಮೀಟರ್ ದಪ್ಪದ 304 ಸರಳಿನ ಜಾಲರಿ ತಗೊಳ್ಳಿ.

ಇನ್ನೊಂದು ಪ್ರಶ್ನೆ ಕೇಳಲೇಬೇಕು: ಈ ಬರ್ನರ್, ಈ ನಾಬ್, ಈ ಜಾಲರಿ ಮೂರು ವರ್ಷ ಬಿಟ್ಟು ಬಿಡಿಯಾಗಿ ಸಿಗುತ್ತಾ? ಸಿಗಲ್ಲ ಅಂದ್ರೆ ಒಂದು ಬರ್ನರ್ ಹೋದಾಗ ಇಡೀ ಗ್ರಿಲ್ ಹೋದ ಹಾಗೇ.

ಲೆಕ್ಕ ಹಾಕಿ ನೋಡಿ. 12,000 ರೂಪಾಯಿಯ ಗ್ರಿಲ್ ಎರಡು ವರ್ಷ ಬಂದರೆ ವರ್ಷಕ್ಕೆ 6,000 ಬಿತ್ತು. 30,000ದ್ದು ಎಂಟು ವರ್ಷ ಬಂದರೆ ವರ್ಷಕ್ಕೆ 3,750. ಕಡಿಮೆ ಬೆಲೆಯದ್ದೇ ಇಲ್ಲಿ ದುಬಾರಿ.

ವಿದೇಶಿ ಗ್ರಿಲ್ ತರಿಸುವವರು ಗಮನಿಸಿ

ಅಮೆರಿಕದ ಮಾದರಿಯ ಗ್ರಿಲ್‌ಗಳ ಕೆಳಗಿನ ಗೂಡು ಅಲ್ಲಿನ ಸುಮಾರು 9 ಕೆ.ಜಿ. ಸಿಲಿಂಡರ್‌ಗೆ ಅಳತೆ ಮಾಡಿದ್ದು. ನಮ್ಮ 14.2 ಅಥವಾ 19 ಕೆ.ಜಿ. ಸಿಲಿಂಡರ್ ಅದರೊಳಗೆ ಹಿಡಿಯೋದು ಕಷ್ಟ. ಅಲ್ಲಿನ ರೆಗ್ಯುಲೇಟರ್ ನಮ್ಮ ಸಿಲಿಂಡರ್‌ಗೆ ಕೂರಲ್ಲ. ಪೈಪ್ ಗ್ಯಾಸ್‌ಗೆ ಮಾಡಿದ ಗ್ರಿಲ್ ಆದರೆ ಅದರ ಜೆಟ್ ತೂತು ದೊಡ್ಡದು. ಅದಕ್ಕೆ ಎಲ್‌ಪಿಜಿ ಕೊಟ್ಟರೆ ಹಳದಿ ಉರಿ ಎದ್ದು ಮಸಿ ಹಿಡಿಯುತ್ತದೆ, ಅಪಾಯವೂ ಹೌದು. ಎಲ್‌ಪಿಜಿಗೆ ಮಾಡಿದ್ದೇ ಅಂತ ಖಚಿತ ಮಾಡ್ಕೊಂಡೇ ಕೊಳ್ಳಿ.

ಪಟ್ಟಿಯಲ್ಲಿ ಬಿಟಿಯು ಅಂತ ದೊಡ್ಡ ಸಂಖ್ಯೆ ಹಾಕಿರುತ್ತಾರೆ. ಅದು ಗಂಟೆಗೆ ಎಷ್ಟು ಶಾಖ ಅನ್ನುವ ಲೆಕ್ಕ, ಅಂದ್ರೆ ಎಷ್ಟು ಗ್ಯಾಸ್ ಸುಡುತ್ತದೆ ಅನ್ನೋದೂ ಹೌದು. ಮೂರು ಬರ್ನರ್ ಸೇರಿ 30,000 ಬಿಟಿಯು ಇದ್ದರೆ, ಪೂರ್ತಿ ಉರಿಯಲ್ಲಿ ಗಂಟೆಗೆ ಸುಮಾರು 700 ಗ್ರಾಂ ಗ್ಯಾಸ್ ಖರ್ಚು. 19 ಕೆ.ಜಿ. ಸಿಲಿಂಡರ್ ಸುಮಾರು 27 ಗಂಟೆ ಬರುತ್ತದೆ. ದಪ್ಪ ಪೆಟ್ಟಿಗೆ, ಸರಿಯಾಗಿ ಕೂರುವ ಮುಚ್ಚಳ ಇದ್ದರೆ ಕಡಿಮೆ ಉರಿಯಲ್ಲೇ ಕೆಲಸ ಆಗುತ್ತದೆ. ಸಂಖ್ಯೆ ದೊಡ್ಡದಿದ್ದ ಮಾತ್ರಕ್ಕೆ ಗ್ರಿಲ್ ಒಳ್ಳೇದು ಅಂತಲ್ಲ.

ಊರಿನ ವೆಲ್ಡಿಂಗ್ ಶಾಪ್‌ನಲ್ಲೇ ಮಾಡಿಸಬಹುದಾ?

ಖಂಡಿತ. ನಮ್ಮ ತಾಲೂಕು ಕೇಂದ್ರಗಳಲ್ಲಿ ಹೋಟೆಲ್ ಒಲೆ, ಗೇಟು, ಗ್ರಿಲ್ ಮಾಡುವ ಒಳ್ಳೆಯ ಕೆಲಸಗಾರರಿದ್ದಾರೆ. ಇದ್ದಿಲು ಗ್ರಿಲ್ ಅಥವಾ ಸ್ಮೋಕರ್‌ನ ಪೆಟ್ಟಿಗೆ ಅವರ ಹತ್ತಿರ ಮಾಡಿಸಿದರೆ ದಪ್ಪ ತಗಡು ಸಿಗುತ್ತದೆ, ರಿಪೇರಿಯೂ ಪಕ್ಕದಲ್ಲೇ. ಆದರೆ ಮೂರು ವಿಷಯ ನೆನಪಿರಲಿ.

ಒಂದು, ಜಿಐ ಶೀಟ್ ಬೇಡ. ಅದರ ಮೇಲಿರೋದು ಸತುವಿನ ಲೇಪನ. ಸುಮಾರು 200 ಡಿಗ್ರಿ ದಾಟಿ ಕಾಯುತ್ತಲೇ ಇದ್ದರೆ ಲೇಪನ ಕೆಡುತ್ತದೆ, ಕೆಂಡದ ಬಿಸಿ ತಾಗಿದರೆ ಕೆಟ್ಟ ಹೊಗೆಯೂ ಬರಬಹುದು.

ಎರಡು, ಹಳೇ 200 ಲೀಟರ್ ಡ್ರಮ್ ಸೀಳಿ ಸ್ಮೋಕರ್ ಮಾಡುವವರು ಅದರಲ್ಲಿ ಮೊದಲು ಏನಿತ್ತು ಅಂತ ತಿಳ್ಕೊಳ್ಳಿ. ಕೀಟನಾಶಕ, ರಾಸಾಯನಿಕ ಇದ್ದ ಡ್ರಮ್ ಎಷ್ಟು ತೊಳೆದರೂ ಅಡುಗೆಗೆ ಬರಲ್ಲ. ಪೆಟ್ರೋಲ್, ಥಿನ್ನರ್ ಇದ್ದ ಖಾಲಿ ಡ್ರಮ್‌ಗೆ ಗ್ಯಾಸ್ ಕಟರ್ ಹಿಡಿದರೆ ಸ್ಫೋಟವೇ ಆಗಬಹುದು.

ಮೂರು, ಪೆಟ್ಟಿಗೆ ಊರಲ್ಲಿ ಮಾಡಿಸಿ, ಆದರೆ ಗ್ಯಾಸ್ ಬರ್ನರ್, ವಾಲ್ವ್, ರೆಗ್ಯುಲೇಟರ್ ಮಾತ್ರ ಕಂಪನಿಯದ್ದೇ ತಂದು ಕೂರಿಸಿ. ಅಲ್ಲಿ ಜುಗಾಡ್ ಬೇಡ.

ಸಿಲಿಂಡರ್ ಕೆಂಪೋ ನೀಲಿಯೋ?

ಅಂಗಡಿಯವರು ಇದನ್ನು ಗಟ್ಟಿಯಾಗಿ ನೆನಪಿಟ್ಕೋಬೇಕು. ಕೆಂಪು ಬಣ್ಣದ 14.2 ಕೆ.ಜಿ. ಸಿಲಿಂಡರ್ ಮನೆ ಅಡುಗೆಗೆ ಮಾತ್ರ. ಹೋಟೆಲ್, ಕಬಾಬ್ ಗಾಡಿ, ಕೇಟರಿಂಗ್ ಎಲ್ಲಕ್ಕೂ 19 ಕೆ.ಜಿ.ಯ ವಾಣಿಜ್ಯ ಸಿಲಿಂಡರೇ ಆಗಬೇಕು. 2000ದ ಎಲ್‌ಪಿಜಿ ಪೂರೈಕೆ ಮತ್ತು ವಿತರಣೆ ನಿಯಂತ್ರಣ ಆದೇಶದ ಪ್ರಕಾರ ಗೃಹಬಳಕೆಯ ಗ್ಯಾಸನ್ನು ವ್ಯಾಪಾರಕ್ಕೆ ಬಳಸೋದು ತಪ್ಪು. ಈ ಆದೇಶ ಅಗತ್ಯ ವಸ್ತುಗಳ ಕಾಯ್ದೆಯ ಕೆಳಗೆ ಬರುತ್ತದೆ. ತಪಾಸಣೆಗೆ ಬಂದಾಗ ಸಿಲಿಂಡರ್ ಜಪ್ತಿ ಆಗಬಹುದು, ಕೇಸೂ ಬೀಳಬಹುದು. ಹೋಮ್‌ಸ್ಟೇಯವರು ಗ್ರಿಲ್ ತರುವ ಮೊದಲೇ ತಮ್ಮ ಗ್ಯಾಸ್ ಏಜೆನ್ಸಿಯಲ್ಲಿ ಕೇಳಿ ಸರಿಯಾದ ಕನೆಕ್ಷನ್ ಮಾಡಿಸ್ಕೊಳ್ಳಿ.

ಪೈಪ್ ಐಎಸ್‌ಐ ಮುದ್ರೆಯ, ಒಳಗೆ ತಂತಿ ಹೆಣೆದ ಕೇಸರಿ ಬಣ್ಣದ ಸುರಕ್ಷಾ ಪೈಪೇ ಇರಲಿ. ಅದಕ್ಕೆ ಐದು ವರ್ಷದ ಆಯುಸ್ಸು, ತಾರೀಖು ಪೈಪ್ ಮೇಲೇ ಇರುತ್ತದೆ. ಬಿಸಿ ಪೆಟ್ಟಿಗೆಗೆ ತಾಗದ ಹಾಗೆ ಹಾಕಿ. ಹೆಗ್ಗಣ, ಇಲಿ ಕಡಿದಿದೆಯಾ ಅಂತ ಆಗಾಗ ನೋಡಿ.

ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಮೇಲೆ ಹೋಗಲ್ಲ, ನೆಲದಲ್ಲಿ ಹರಿದು ತಗ್ಗು ಜಾಗದಲ್ಲಿ ನಿಲ್ಲುತ್ತದೆ. ಹಾಗಾಗಿ ಗುಂಡಿ, ಚರಂಡಿ, ಸುತ್ತ ಗೋಡೆ ಇರುವ ತಗ್ಗು ಅಂಗಳದಲ್ಲಿ ಗ್ರಿಲ್ ಬೇಡ. ಮನೆ, ಹುಲ್ಲಿನ ಮಾಡು, ಸೌದೆ ಕೊಟ್ಟಿಗೆಯಿಂದ ಕನಿಷ್ಠ 10 ಅಡಿ ದೂರ ಇರಲಿ. ಸೋರಿಕೆ ನೋಡೋಕೆ ಕಡ್ಡಿ ಗೀರಬೇಡಿ, ಜೋಡಣೆಗಳಿಗೆ ಸೋಪು ನೀರು ಹಚ್ಚಿ, ಗುಳ್ಳೆ ಬಂದರೆ ಸೋರುತ್ತಿದೆ ಅಂತ. ಹಚ್ಚುವಾಗ ಮುಚ್ಚಳ ತೆರೆದಿರಬೇಕು. ಸೋರಿಕೆಯ ತುರ್ತಿಗೆ ಸಹಾಯವಾಣಿ 1906.

ಮಳೆ ಬಂತೆಂದು ಇದ್ದಿಲು ಗ್ರಿಲ್ಲನ್ನು ಒಳಗೆ ತರೋದಂತೂ ಬೇಡವೇ ಬೇಡ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಜೀವ ತೆಗೆಯುತ್ತದೆ.

ಜೂನ್ ಮೊದಲು, ಸೆಪ್ಟೆಂಬರ್ ನಂತರ

ಎಷ್ಟೇ ಒಳ್ಳೆಯ ಗ್ರಿಲ್ ತಂದರೂ ನೋಡ್ಕೊಳ್ಳದಿದ್ದರೆ ಮಳೆಗಾಲ ಬಿಡಲ್ಲ.

ಪ್ರತಿ ಸಲ ಕೆಲಸ ಮುಗಿದ ಮೇಲೆ ಜಾಲರಿ ಬಿಸಿ ಇರುವಾಗಲೇ ಉಜ್ಜಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ. ಕೊಬ್ಬು ಬೀಳುವ ತಟ್ಟೆ ಅವತ್ತೇ ಖಾಲಿ ಮಾಡಿ. ಗ್ರಿಲ್‌ಗೆ ಬೆಂಕಿ ಹಿಡಿಯುವುದು ಹೆಚ್ಚಾಗಿ ಆ ಕೊಬ್ಬಿನಿಂದಲೇ. ಹಿಡಿದರೆ ನೀರು ಸುರಿಯಬೇಡಿ. ಕೈಗೆ ಸಿಗುವಂತಿದ್ದರೆ ಗ್ಯಾಸ್ ನಿಲ್ಲಿಸಿ, ಮುಚ್ಚಳ ಹಾಕಿ, ದೂರ ನಿಲ್ಲಿ.

ಜೂನ್‌ಗೆ ಮುನ್ನ ಪೂರ್ತಿ ಬಿಚ್ಚಿ, ತೊಳೆದು, ಒಣಗಿಸಿ, ಬರ್ನರ್ ಮತ್ತು ಜಾಲರಿ ಒಳಗೆ ತೆಗೆದಿಡಿ. ಪೆಟ್ಟಿಗೆ ಹೊರಗೇ ಇರುವುದಾದರೆ ಸೂರಿನ ಕೆಳಗೆ, ನೆಲದಿಂದ ಸ್ವಲ್ಪ ಎತ್ತರಕ್ಕೆ ಇಡಿ. ಪ್ಲಾಸ್ಟಿಕ್ ತಾಟನ್ನು ಬಿಗಿಯಾಗಿ ಸುತ್ತಿ ಕಟ್ಟಬೇಡಿ. ಒಳಗೆ ತೇವ ಬೆವರಿ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಕೆಳಗಡೆ ಗಾಳಿಯಾಡಲು ಜಾಗ ಬಿಡಿ.

ಮಳೆ ಕಳೆದು ಮತ್ತೆ ಹಚ್ಚುವ ಮುನ್ನ ಬರ್ನರ್ ಪೈಪಿನ ಬಾಯಿ ನೋಡಿ. ತಿಂಗಳುಗಟ್ಟಲೆ ಸುಮ್ಮನಿದ್ದ ಪೈಪಿನಲ್ಲಿ ಜೇಡ ಬಲೆ ಕಟ್ಟಿರುತ್ತದೆ, ಕಡಜ ಮಣ್ಣಿನ ಗೂಡು ಮಾಡಿರುತ್ತದೆ. ಗಾಳಿ ದಾರಿ ಕಟ್ಟಿದರೆ ಉರಿ ಹಳದಿ ಆಗುತ್ತದೆ, ಕೆಲವೊಮ್ಮೆ ಗ್ಯಾಸ್ ಹಿಂದಕ್ಕೆ ಬಂದು ನಾಬ್ ಹತ್ತಿರವೇ ಹತ್ತಿಕೊಳ್ಳುತ್ತದೆ. ತೆಳು ಬ್ರಷ್‌ನಿಂದ ಸ್ವಚ್ಛ ಮಾಡಿ. ಉರಿ ನೀಲಿ ಬಂದರೆ ಸರಿ.

ಕೊನೆಗೊಂದು ಮಾತು, ದುಡ್ಡು ತಗೊಂಡು ಬಡಿಸುವವರಿಗೆ. ಕೋಳಿ ಮೇಲೆ ಕಪ್ಪಗಾದ ಮಾತ್ರಕ್ಕೆ ಒಳಗೆ ಬೆಂದಿದೆ ಅಂತಲ್ಲ. ಚುಚ್ಚಿ ನೋಡುವ ಥರ್ಮಾಮೀಟರ್ ಒಂದು ಇಟ್ಕೊಳ್ಳಿ. ತುಂಡಿನ ದಪ್ಪ ಭಾಗದಲ್ಲಿ 74 ಡಿಗ್ರಿ ಸೆಲ್ಸಿಯಸ್ ತೋರಿಸಿದ ಮೇಲೆ ತಟ್ಟೆಗೆ ಹಾಕಿ.