ದಾಂಡಿಗನ ಕೋಪ, ದಾಂಡಿಗನ ಕೀರ್ತಿ

ಬಳ್ಳಾರಿಯ ಚಹದಂಗಡಿಯಲ್ಲಾಗಲಿ, ಸಿರುಗುಪ್ಪ, ಕುರುಗೋಡುಗಳ ಕಟ್ಟೆಯ ಮೇಲಾಗಲಿ, ಬೆಂಗಳೂರು ತಂಡದ ವಿರಾಟ್ ಕೊಹ್ಲಿಯವರ ಮಾತು ಬಂದರೆ ಅಭಿಮಾನಿಗಳಲ್ಲಿ ಎರಡು ಪಕ್ಷ. 2012ರಲ್ಲಿ ಸಿಡ್ನಿಯ ಪ್ರೇಕ್ಷಕರತ್ತ ಬೆರಳೆತ್ತಿ, 2024ರಲ್ಲಿ ಮೆಲ್ಬರ್ನಿನಲ್ಲಿ ಎಳೆಯ ಎದುರಾಳಿಗೆ ಭುಜ ತಾಗಿಸಿ ದಂಡ ತೆತ್ತವರು ಅವರು. ಆ ಕಿಚ್ಚೇ 30 ಟೆಸ್ಟ್ ಶತಕಗಳನ್ನು ತಂದಿತೆಂಬುದು ಒಂದು ಪಕ್ಷ. ಅದು ಆಟಕ್ಕೆ ಕಳಂಕವೆಂಬುದು ಇನ್ನೊಂದು.

ತೂಗಿ ನೋಡಲು ಅಳತೆಗೋಲು ನಮ್ಮ ನಾಡಿನಲ್ಲೇ ಉಂಟು. 1980ರ ಮುಂಬಯಿ ಟೆಸ್ಟಿನಲ್ಲಿ, ಔಟೆಂದು ತೀರ್ಪಾಗಿದ್ದ ಇಂಗ್ಲೆಂಡಿನ ಬಾಬ್ ಟೇಲರರನ್ನು ನಾಯಕ ಜಿ. ಆರ್. ವಿಶ್ವನಾಥ್, ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮರಳಿ ಕರೆದರು. ಭಾರತ ಸೋತಿತು. ಅವರ 14 ಶತಕಗಳೊಡನೆ ಜನ ಆ ಸೋಲನ್ನೂ ಗೌರವದಿಂದ ನೆನೆಯುತ್ತಾರೆ.

ಕೊಹ್ಲಿಯವರ ಶತಕಗಳಿಗೆ ಚಪ್ಪಾಳೆ ಸಲ್ಲಲಿ. ಆದರೆ ಶಾಲೆಯ ಬಯಲಿನಲ್ಲಿ ನಮ್ಮ ಹುಡುಗರು ಅನುಕರಿಸುವುದು ಹೊಡೆತವನ್ನಷ್ಟೇ ಅಲ್ಲ, ಸಿಟ್ಟನ್ನೂ. ಇದನ್ನು ಮರೆಯದಿರೋಣ.