ಎಂಜಿನ್ನಿನ ತೂಕ ಸರಿದೂಗಿಸುವುದು: ಯಾವುದಕ್ಕೆ ಎಷ್ಟು?

ಚಿಕ್ಕಮಗಳೂರಿನ ಕಡೆ ರ‍್ಯಾಲಿಗೆ ಕಾರು ಸಿದ್ಧಪಡಿಸುವ ಯುವಕರು ಎಂಜಿನ್ನನ್ನು ‘ಬ್ಯಾಲೆನ್ಸ್’ ಮಾಡಿಸುವುದುಂಟು. ಅದನ್ನು ಕಂಡ ಸದಸ್ಯರು, ನಮ್ಮ ಜೀಪಿಗೂ ಪಂಪ್‌ಸೆಟ್ಟಿಗೂ ಇದು ಬೇಕೆ ಎಂದು ಕೇಳುತ್ತಾರೆ. ಖರ್ಚಿನ ಪ್ರಶ್ನೆಯಾದ್ದರಿಂದ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ.

ಎಂಜಿನ್ನಿನೊಳಗೆ ಕ್ರ್ಯಾಂಕ್ ಮತ್ತು ಫ್ಲೈವೀಲ್ ತಿರುಗುತ್ತವೆ, ಪಿಸ್ಟನ್ ಮೇಲಕ್ಕೂ ಕೆಳಕ್ಕೂ ಓಡಾಡುತ್ತದೆ. ತಿರುಗುವ ಭಾಗದ ಒಂದು ಪಕ್ಕದಲ್ಲಿ, ನಡುವಿನಿಂದ 5 ಸೆಂ.ಮೀ. ದೂರಕ್ಕೆ, 10 ಗ್ರಾಂ ಹೆಚ್ಚಿದೆಯೆನ್ನಿ. ನಿಮಿಷಕ್ಕೆ 1500 ಸುತ್ತಿನಲ್ಲಿ ಅದು ಸುಮಾರು ಒಂದೂಕಾಲು ಕಿಲೋ ಭಾರದಷ್ಟು ಹೊರಕ್ಕೆ ಎಳೆಯುತ್ತದೆ. 3000 ಸುತ್ತಿನಲ್ಲಿ 5 ಕಿಲೋ, 6000 ಸುತ್ತಿನಲ್ಲಿ 20 ಕಿಲೋ. ವೇಗ ಇಮ್ಮಡಿಯಾದರೆ ಎಳೆತ ನಾಲ್ಮಡಿ. ಪ್ರತಿ ಸುತ್ತಿನಲ್ಲೂ ಈ ಪೆಟ್ಟನ್ನು ತಿನ್ನುವುದು ಬೇರಿಂಗು.

ಆದ್ದರಿಂದ ರ‍್ಯಾಲಿ ಎಂಜಿನ್ನಿಗೆ ಪೂರ್ಣ ಕೆಲಸ ಬೇಕು. ಕ್ರ್ಯಾಂಕನ್ನು ಯಂತ್ರದ ಮೇಲೆ ತಿರುಗಿಸಿ, ಭಾರವಿದ್ದ ಕಡೆ ಕೊರೆದು ಸರಿಪಡಿಸುತ್ತಾರೆ. ಅನಂತರ ಫ್ಲೈವೀಲ್, ಕ್ಲಚ್ಚಿನ ಪ್ರೆಶರ್ ಪ್ಲೇಟುಗಳನ್ನು ಒಂದೊಂದಾಗಿ ಸೇರಿಸಿ ಪುನಃ ನೋಡುತ್ತಾರೆ. ಹೀಗೆ ಮಾಡಿದರೆ ಮುಂದೆ ಕ್ಲಚ್ ಬದಲಿಸಿದಾಗ ಎಲ್ಲವೂ ಕೆಡುವುದಿಲ್ಲ.

ಜೀಪಿನ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಎರಡು ಪಿಸ್ಟನ್ ಏರುವಾಗ ಎರಡು ಇಳಿಯುತ್ತವೆ. ತೂಕ ಸಮನಾಗಿದ್ದರೆ ಎಳೆತದ ಬಹುಪಾಲು ತಾನಾಗಿಯೇ ಕಳೆಯುತ್ತದೆ. ಹಾಗಾಗಿ ಒಂದೇ ಪಿಸ್ಟನ್ ಬದಲಿಸುವಾಗ ಬೇರೆ ತಯಾರಿಕೆಯದನ್ನು ಹಾಕಿಸಬೇಡಿ. ನಾಲ್ಕೂ ಪಿಸ್ಟನ್‌ಗಳನ್ನು ಪಿನ್ನಿನೊಡನೆ, ಕನೆಕ್ಟಿಂಗ್ ರಾಡುಗಳ ಎರಡು ತುದಿಗಳನ್ನು ಬೇರೆ ಬೇರೆಯಾಗಿ, ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿಸಿ. ಭಾರವಾದುದನ್ನು ಹಗುರವಾದುದಕ್ಕೆ ಸಮ ಮಾಡುವ ಕೆಲಸ ಮಾತ್ರ ಬಲ್ಲ ಕಾರ್ಖಾನೆಯವರದು. ಕಂಡಲ್ಲಿ ಅರದಿಂದ ಉಜ್ಜಿದರೆ ರಾಡು ಮುರಿದೀತು.

ಒಂದೇ ಸಿಲಿಂಡರಿನ ಪಂಪ್‌ಸೆಟ್ಟಿನ ಮಾತು ಬೇರೆ. ಅದರ ಅದುರನ್ನು ಪೂರ್ತಿ ಕಳೆಯಲು ಆಗದು. ಪಿಸ್ಟನ್ನಿನ ಎಳೆತಕ್ಕೆಲ್ಲ ಎದುರುತೂಕ ಕೊಟ್ಟರೆ, ಮೇಲೆ ಕೆಳಗಿನ ಅದುರು ಪಕ್ಕಕ್ಕೆ ತಿರುಗುತ್ತದೆ, ಅಷ್ಟೆ. ತಯಾರಕರು ಅರ್ಧದಷ್ಟಕ್ಕೆ ಹೊಂದಿಸಿ ಬಿಟ್ಟಿರುತ್ತಾರೆ. ಇದಕ್ಕೆ ರ‍್ಯಾಲಿಯ ಖರ್ಚು ದಂಡ. ಬೋರು ಮಾಡಿಸಿದಾಗ ಹೊಸ ಪಿಸ್ಟನ್ ಹಳೆಯದರ ತೂಕಕ್ಕೆ ಹತ್ತಿರವಿದೆಯೆ ನೋಡಿ. ತೀರ ವ್ಯತ್ಯಾಸವಿದ್ದರೆ ಅಂಗಡಿಗೆ ಹಿಂತಿರುಗಿಸಿ. ತಳಪಾಯದ ಬೋಲ್ಟುಗಳು ಬಿಗಿಯಾಗಿರಲಿ. ಚೆನ್ನಾಗಿ ಓಡುತ್ತಿದ್ದ ಎಂಜಿನ್ ಒಮ್ಮೆಲೇ ಕುಣಿಯತೊಡಗಿದರೆ ಕೂಡಲೆ ನಿಲ್ಲಿಸಿ, ಬೋಲ್ಟು, ಫ್ಲೈವೀಲಿನ ಚಾವಿ, ಪಂಪಿನ ಜೋಡಣೆಗಳನ್ನು ಪರೀಕ್ಷಿಸಿ.

ಫೆಬ್ರವರಿ-ಮಾರ್ಚಿನಲ್ಲಿ ರೊಬಸ್ಟಾಕ್ಕೆ ಹೂವಿನ ನೀರು ಹಾಯಿಸುವ ವಾರದಲ್ಲೇ ಬೇರಿಂಗ್ ಹೋದರೆ, ನಷ್ಟ ಬೇರಿಂಗಿನದಲ್ಲ, ವರ್ಷದ ಫಸಲಿನದು. ಎಂಜಿನ್ ಬಿಚ್ಚುವುದಿದ್ದರೆ ಮಳೆಗಾಲದಲ್ಲೇ ಬಿಚ್ಚಿಸೋಣ, ಬಿಚ್ಚಿದಾಗಲೇ ತೂಗಿಸೋಣ. ಜೋಡಿಸಿದ ಮೇಲೆ ನೆನಪಾದರೆ ಕೂಲಿ ಎರಡು ಸಲ.